ಕಾಶಿಯಲ್ಲಿ ಒಂದೂವರೆ ದಿನ: ನೋಡುವುದೇನು, ಉಣ್ಣುವುದೆಲ್ಲಿ?

ಜೀವಮಾನದಲ್ಲಿ ಒಮ್ಮೆಯಾದರೂ ಉತ್ತರದ ಯಾತ್ರೆಯನ್ನು ಮಾಡಿ ಬರಬೇಕೆಂಬ ಹಂಬಲ ನಮ್ಮ ನಾಡಿನ ಬಹುತೇಕ ಮನೆಗಳಲ್ಲಿ ಇಂದಿಗೂ ಇದೆ. ಹಿಂದೆ ಕಾಶಿಗೆ ಹೊರಟವರನ್ನು ಊರ ಅಗಸೆಯವರೆಗೆ ಹೋಗಿ, ಮರಳಿ ಬರುವರೋ ಇಲ್ಲವೋ ಎಂಬ ಅಳುಕಿನಿಂದಲೇ ಬೀಳ್ಕೊಡುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಇಂದು ಆ ಅಳುಕಿಗೆ ಕಾರಣವಿಲ್ಲ. ಕರ್ನಾಟಕ ಸರಕಾರವು ೨೦೨೨ರಲ್ಲಿ ಕಾಶಿ ಯಾತ್ರಿಕರಿಗೆ ತಲಾ ೫,೦೦೦ ರೂಪಾಯಿಗಳ ಸಹಾಯಧನವನ್ನು ಘೋಷಿಸಿತು. ಅದೇ ವರ್ಷದ ನವೆಂಬರ್ ೧೧ರಂದು ‘ಭಾರತ ಗೌರವ ಕಾಶಿ ದರ್ಶನ’ ರೈಲು ಬೆಂಗಳೂರಿನಿಂದ ಹೊರಟಿತು. ಪ್ರವಾಸ ಸಂಸ್ಥೆಗಳಂತೂ ಪ್ರತಿ ಜಿಲ್ಲೆಯಲ್ಲಿಯೂ ಇವೆ. ಹಣ ಕಟ್ಟಿದರೆ ಟಿಕೇಟು, ವಸತಿ, ಊಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ.

ಆದರೆ ಇಂತಹ ಪ್ರವಾಸಗಳಲ್ಲಿ ಪ್ರಯಾಗ, ಕಾಶಿ, ಗಯೆ, ಅಯೋಧ್ಯೆಗಳನ್ನೆಲ್ಲ ಎಂಟು ಹತ್ತು ದಿನಗಳಲ್ಲಿ ಮುಗಿಸಬೇಕಾಗಿರುವುದರಿಂದ, ಕಾಶಿಗೆ ಸಾಮಾನ್ಯವಾಗಿ ಸಿಗುವುದು ಒಂದೂವರೆ ದಿನ ಮಾತ್ರ. ಮೊದಲ ದಿನ ಮಧ್ಯಾಹ್ನ ತಲುಪಿ, ಮರುದಿನ ಸಂಜೆ ಹೊರಡುವ ಈ ಅವಧಿಯನ್ನು ಕುಟುಂಬದವರು ಹೇಗೆ ಬಳಸಿಕೊಳ್ಳಬೇಕೆಂಬುದನ್ನು, ಒಮ್ಮೆ ಎಡವಿ ಇನ್ನೊಮ್ಮೆ ಸರಿಪಡಿಸಿಕೊಂಡ ನಮ್ಮ ಅನುಭವದಿಂದಲೇ ವಾಚಕರ ಮುಂದಿಡಬಯಸುತ್ತೇನೆ.

ಮೊದಲ ಯಾತ್ರೆಯ ಪಾಠ

೨೦೧೮ರಲ್ಲಿ ತಂದೆತಾಯಿಗಳನ್ನು ಕರೆದುಕೊಂಡು ನಾವು ಮೂವತ್ತನಾಲ್ಕು ಜನರ ತಂಡವೊಂದರಲ್ಲಿ ಹೊರಟೆವು. ತಂದೆಯವರು ಇಷ್ಟಲಿಂಗ ಪೂಜೆಯಾಗದೆ ಹನಿ ನೀರನ್ನೂ ಮುಟ್ಟದವರು. ಕಾಶಿಯಲ್ಲಿ ಅವರು ಕೇಳಿಕೊಂಡದ್ದು ಒಂದೇ: ಜಂಗಮವಾಡಿ ಮಠದಲ್ಲಿ ಒಂದು ಗಳಿಗೆ ಕುಳಿತು ಬರಬೇಕು. ಅವರ ಅಜ್ಜನವರು ಕಾಲ್ನಡಿಗೆಯಲ್ಲಿ ಕಾಶಿಗೆ ಬಂದವರು ಆ ಮಠದಲ್ಲಿ ತಂಗಿದ್ದರೆಂಬುದು ನಮ್ಮ ಮನೆಯ ಹಳೆಯ ಮಾತು. ತಂಡದ ಕಾರ್ಯಕ್ರಮದಲ್ಲಿ ಮಠದ ಹೆಸರಿರಲಿಲ್ಲ. ಬಿಡುವಾದಾಗ ಹೋದರಾಯಿತೆಂದು ನಾವು ಸುಮ್ಮನಿದ್ದೆವು.

ಬಿಡುವು ಎಂಬುದು ತಾನಾಗಿ ಬರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ತಂದೆಯವರು ಕೆಳಗಿಳಿಯುವಷ್ಟರಲ್ಲಿ ಉಪಾಹಾರದ ಪಾತ್ರೆಗಳನ್ನು ತೊಳೆದಿಟ್ಟಿದ್ದರು. ಎರಡು ಬಾಳೆಹಣ್ಣು ತಿಂದು ವಿಶ್ವನಾಥನ ಸರದಿಯಲ್ಲಿ ನಿಂತರು. ದರ್ಶನವಾದ ಬಳಿಕ ರೇಷ್ಮೆ ಸೀರೆಯ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ಎರಡು ಗಂಟೆ ಕಳೆಯಿತು. ಊಟವಾಗುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತು. “ಮಠಕ್ಕ ಹೋಗೂದು ಆಗಲಿಲ್ಲಲ್ಲಾ” ಎಂದು ನಾನು ಪೇಚಾಡಿದಾಗ ತಂದೆಯವರು, “ಇರ್ಲಿ ಬಿಡಪಾ, ಮುಂದಿನ ಸಲ ಬಂದಾಗ ಹೋದ್ರಾತು” ಎಂದರು. ಮುಂದಿನ ಸಲ ಬರಲಿಲ್ಲ. ೨೦೨೧ರಲ್ಲಿ ಅವರು ಲಿಂಗೈಕ್ಯರಾದರು.

ಇದಕ್ಕೆ ಪ್ರವಾಸದ ವ್ಯವಸ್ಥಾಪಕರನ್ನು ದೂರುವಂತಿಲ್ಲ. ಅವರು ಹೇಳಿದ ಸ್ಥಳಗಳನ್ನೆಲ್ಲ ತೋರಿಸಿದ್ದರು. ಸೀರೆಯ ಅಂಗಡಿಯಲ್ಲಿ ಎರಡು ಗಂಟೆ ಕುಳಿತವರು ನಮ್ಮ ಮನೆಯವರೇ. ಮಠ ಅಲ್ಲಿಂದ ಎಷ್ಟು ದೂರವೆಂದು ಯಾರನ್ನೂ ಕೇಳದವನು ನಾನೇ. ಗೊದೌಲಿಯಾ ವೃತ್ತದಿಂದ ಅದು ನಡೆದು ಹೋಗುವಷ್ಟು ಸಮೀಪದಲ್ಲಿದೆಯೆಂದು ತಿಳಿದದ್ದು ಎರಡನೆಯ ಯಾತ್ರೆಯಲ್ಲಿ.

ಹೊರಡುವ ಮೊದಲೇ ಮಾಡಬೇಕಾದುದು

೨೦೨೩ರ ಡಿಸೆಂಬರಿನಲ್ಲಿ ತಾಯಿಯವರೊಡನೆ ಮತ್ತೆ ಅದೇ ಬಗೆಯ ತಂಡದಲ್ಲಿ ಹೋಗುವಾಗ, ಹಣ ಕಟ್ಟುವ ಮುನ್ನವೇ ಕಾರ್ಯಕ್ರಮದ ಪಟ್ಟಿಯನ್ನು ಕೇಳಿ ಪಡೆದೆವು. ಎರಡನೆಯ ದಿನ ದರ್ಶನದ ನಂತರ ಮಧ್ಯಾಹ್ನದವರೆಗೆ ನಾವು ತಂಡದಿಂದ ಪ್ರತ್ಯೇಕವಾಗಿ ಇರುವೆವೆಂದೂ, ಹೊರಡುವ ಹೊತ್ತಿಗೆ ವಸತಿಗೃಹಕ್ಕೆ ಬಂದು ಸೇರಿಕೊಳ್ಳುವೆವೆಂದೂ ಮೊದಲೇ ತಿಳಿಸಿದೆವು. ಅವರು ಸಂತೋಷದಿಂದಲೇ ಒಪ್ಪಿದರು. ಕೊನೆಯ ಗಳಿಗೆಯಲ್ಲಿ ಕೇಳಿದರೆ ಯಾರಿಗೂ ಸಾಧ್ಯವಾಗದ ಮಾತು, ತಿಂಗಳ ಮೊದಲು ಕೇಳಿದರೆ ಸುಲಭವಾಗುತ್ತದೆ.

ದಿನದ ಆಯ್ಕೆಯೂ ಮುಖ್ಯ. ಸೋಮವಾರ ವಿಶ್ವನಾಥನ ಸನ್ನಿಧಿಯಲ್ಲಿ ಜನಜಂಗುಳಿ ಹೆಚ್ಚು. ಶುಕ್ರವಾರ ಸಾರನಾಥದ ವಸ್ತುಸಂಗ್ರಹಾಲಯಕ್ಕೆ ರಜೆ. ಮಳೆಗಾಲದಲ್ಲಿ ಗಂಗೆ ಉಕ್ಕಿದಾಗ ಘಾಟುಗಳ ಮೆಟ್ಟಿಲುಗಳು ಮುಳುಗಿ ದೋಣಿಗಳು ನಿಲ್ಲುತ್ತವೆ. ಡಿಸೆಂಬರ್, ಜನವರಿಗಳಲ್ಲಿ ಮಂಜು ಕವಿದು ರೈಲುಗಳು ತಡವಾಗುವುದುಂಟು. ಆ ಕಾಲದಲ್ಲಿ ಹೋಗುವವರು ತಲುಪುವ ದಿನದ ಮೇಲೆ ಹೆಚ್ಚು ಭಾರ ಹಾಕಬಾರದು.

ಮೊದಲ ದಿನದ ಅಪರಾಹ್ನ

ಊರಿನ ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಗಂಗೆ ಇಲ್ಲಿ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ಅವಳ ಪಶ್ಚಿಮ ದಡದುದ್ದಕ್ಕೂ ಎಂಬತ್ತಕ್ಕಿಂತ ಹೆಚ್ಚು ಘಾಟುಗಳಿವೆ. ದಕ್ಷಿಣದ ತುದಿಯಲ್ಲಿ ಅಸ್ಸಿ ಘಾಟು ಮತ್ತು ಅದಕ್ಕೆ ಹತ್ತಿರವಾಗಿ, ಪಂಡಿತ ಮದನ ಮೋಹನ ಮಾಲವೀಯರು ೧೯೧೬ರಲ್ಲಿ ಸ್ಥಾಪಿಸಿದ ಹಿಂದೂ ವಿಶ್ವವಿದ್ಯಾಲಯ. ನಡುವೆ ದಶಾಶ್ವಮೇಧ ಘಾಟು, ವಿಶ್ವನಾಥ ಮಂದಿರ ಮತ್ತು ಜಂಗಮವಾಡಿ. ಊರಿನ ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಸಾರನಾಥ. ವಿಶ್ವವಿದ್ಯಾಲಯವೂ ಸಾರನಾಥವೂ ಊರಿನ ಎರಡು ತುದಿಗಳಲ್ಲಿವೆ. ಎರಡನ್ನೂ ಒಂದೇ ಅಪರಾಹ್ನದಲ್ಲಿ ನೋಡಹೊರಟರೆ ರಸ್ತೆಯ ದಟ್ಟಣೆಯನ್ನಷ್ಟೇ ನೋಡಿ ಬರಬೇಕಾದೀತು. ಮಕ್ಕಳಿರುವ ಕುಟುಂಬಕ್ಕೆ ನನ್ನ ಸಲಹೆ ಸಾರನಾಥ. ಭಗವಾನ್ ಬುದ್ಧರು ಪ್ರಥಮೋಪದೇಶ ನೀಡಿದ ಭೂಮಿಯಲ್ಲಿ ೪೩ ಮೀಟರಿಗೂ ಎತ್ತರವಾದ ಧಮೇಕ ಸ್ತೂಪವಿದೆ. ನಮ್ಮ ನಾಣ್ಯ, ನೋಟುಗಳ ಮೇಲೆ ದಿನವೂ ಕಾಣುವ ಸಿಂಹಗಳ ಮೂಲಶಿಲ್ಪವಾದ ಅಶೋಕನ ಸ್ತಂಭಶೀರ್ಷಿಕೆಯೂ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ.

ಚಳಿಗಾಲದಲ್ಲಿ ಕಾಶಿಯ ಸೂರ್ಯ ನಮ್ಮ ಊರುಗಳಿಗಿಂತ ಮುಂಚೆಯೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಐದೂಕಾಲರ ಸುಮಾರಿಗೆ ಕತ್ತಲಾವರಿಸತೊಡಗುತ್ತದೆ. ಆದುದರಿಂದ ನಾಲ್ಕು ಗಂಟೆಗೆ ಸಾರನಾಥವನ್ನು ಬಿಟ್ಟು ದಶಾಶ್ವಮೇಧ ಘಾಟಿಗೆ ಬರಬೇಕು. ದೊಡ್ಡ ಬಸ್ಸುಗಳು ಹಳೆಯ ಊರಿನೊಳಗೆ ಬರಲಾರವು. ಬ್ಯಾಟರಿ ರಿಕ್ಷಾಗಳೂ ಗೊದೌಲಿಯಾದ ಬಳಿ ನಿಲ್ಲುತ್ತವೆ, ಮುಂದೆ ನಡಿಗೆಯೇ. ಮೊಣಕಾಲು ನೋವಿರುವ ಹಿರಿಯರು ಮೆಟ್ಟಿಲುಗಳ ಮೇಲೆ ಜನರ ನಡುವೆ ಕುಳಿತು ಗಂಗಾರತಿಯನ್ನು ನೋಡುವುದಕ್ಕಿಂತ, ದೋಣಿಯಲ್ಲಿ ಕುಳಿತು ನೋಡುವುದು ಲೇಸು. ಬಾಡಿಗೆಯನ್ನು ಏರುವ ಮುನ್ನವೇ ಮಾತನಾಡಿಕೊಳ್ಳತಕ್ಕದ್ದು.

ಎರಡನೆಯ ದಿನದ ಬೆಳಗು

ಕ್ರಿಯಾವಂತರಾದ ಹಿರಿಯರಿರುವ ಮನೆಯವರು ದಿನದ ಲೆಕ್ಕವನ್ನು ಪೂಜೆಯಿಂದ ಆರಂಭಿಸಬೇಕು. ನಮ್ಮ ತಾಯಿಯವರಿಗಾಗಿ ನಾಲ್ಕೂವರೆಗೆ ಬಿಸಿನೀರು ಬೇಕೆಂದು ವಸತಿಗೃಹದವರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟೆವು. ಪೂಜೆ ಮುಗಿಸಿ, ಮನೆಯಿಂದ ತಂದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಪ್ರಸಾದವಾಗಿ ಸ್ವೀಕರಿಸಿ, ಆರು ಗಂಟೆಗೆ ಅಸ್ಸಿ ಘಾಟಿನಲ್ಲಿ ದೋಣಿ ಏರಿದೆವು.

ಈ ದೋಣಿಯ ಪಯಣವನ್ನು ಯಾವ ಕಾರಣಕ್ಕೂ ಬಿಡಬೇಡಿರಿ. ಪೂರ್ವದ ಬಯಲು ದಡದಿಂದ ಸೂರ್ಯ ಏಳುತ್ತಿದ್ದಂತೆ ಪಶ್ಚಿಮದ ಘಾಟುಗಳೆಲ್ಲ ಒಂದೊಂದಾಗಿ ಬೆಳಗುತ್ತವೆ. ತುಳಸಿ ಘಾಟು, ದಾಕ್ಷಿಣಾತ್ಯರು ನೆಲೆಸಿರುವ ಹನುಮಾನ್ ಘಾಟು, ಅದರ ಪಕ್ಕದಲ್ಲಿಯೇ ನಮ್ಮ ನಾಡಿನ ಹೆಸರನ್ನು ಹೊತ್ತ ಕರ್ನಾಟಕ ಘಾಟು, ಅದಕ್ಕೆ ತಗಲಿದಂತೆ ಹರಿಶ್ಚಂದ್ರ ಘಾಟು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಓದಿದ ಅಥವಾ ಕೇಳಿದ ಕನ್ನಡಿಗನು ಆ ಚಿತೆಗಳ ಹೊಗೆಯನ್ನು ಕಂಡು ಮೌನಿಯಾಗದೆ ಇರಲಾರನು. ಅಲ್ಲಿಯೂ ಮಣಿಕರ್ಣಿಕೆಯಲ್ಲಿಯೂ ಫೋಟೋ ತೆಗೆಯುವುದು ತರವಲ್ಲ. ಅಲ್ಲಿರುವವರು ತಮ್ಮವರನ್ನು ಕಳೆದುಕೊಂಡವರು.

೨೦೧೮ರಲ್ಲಿ ಇಕ್ಕಟ್ಟಾದ ಓಣಿಗಳಲ್ಲಿ ನುಗ್ಗಿ ವಿಶ್ವನಾಥನನ್ನು ಕಂಡಿದ್ದ ನಮಗೆ ಈಗಿನ ಮಂದಿರದ ಆವರಣ ಹೊಸದಾಗಿಯೇ ಕಂಡಿತು. ಅಹಲ್ಯಾಬಾಯಿ ಹೋಳ್ಕರರು ೧೭೮೦ರಲ್ಲಿ ಕಟ್ಟಿಸಿದ ಮಂದಿರ ಅದೇ, ಮಹಾರಾಜ ರಣಜಿತ್ ಸಿಂಗರು ಕೊಟ್ಟ ಚಿನ್ನದ ಶಿಖರವೂ ಅದೇ. ಸುತ್ತಲಿನ ವಿಶಾಲ ಪ್ರಾಂಗಣ ೨೦೨೧ರ ಡಿಸೆಂಬರ್ ೧೩ರಂದು ಉದ್ಘಾಟನೆಗೊಂಡಿತು. ಈಗ ಗಂಗೆಯ ದಡದಿಂದ ನೇರವಾಗಿ ಮಂದಿರಕ್ಕೆ ಬರಬಹುದು. ಆದರೆ ಮೆಟ್ಟಿಲುಗಳು ಬಹಳ. ಏರಲಾರದವರು ರಸ್ತೆಯ ಕಡೆಯ ಬಾಗಿಲಿನಿಂದ ಬರುವುದು ಒಳಿತು. ಮೊಬೈಲು, ಕ್ಯಾಮೆರಾ, ಚರ್ಮದ ವಸ್ತುಗಳನ್ನು ವಸತಿಯಲ್ಲಿಯೇ ಬಿಟ್ಟು ಬಂದರೆ ಲಾಕರಿನ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಹಣ ಕಟ್ಟಿ ಪಡೆಯುವ ‘ಸುಗಮ ದರ್ಶನ’ದ ವ್ಯವಸ್ಥೆಯೂ ಇದೆ. ಅದನ್ನು ಮಂದಿರದ ಅಧಿಕೃತ ಕಚೇರಿಯ ಮೂಲಕವೇ ಪಡೆಯಬೇಕು, ದಾರಿಯಲ್ಲಿ ಕೈಹಿಡಿದು ಎಳೆಯುವವರಿಂದಲ್ಲ. ಜನದಟ್ಟಣೆಯಿಂದ ದರ್ಶನ ಕ್ಷಣಮಾತ್ರದ್ದಾಯಿತೆಂದು ಖೇದಪಡಬೇಕಾಗಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದವನು ಶಿವನನ್ನು ಜೊತೆಯಲ್ಲಿಯೇ ಕರೆದುಕೊಂಡು ಬಂದಿರುತ್ತಾನೆ.

ಊಟೋಪಚಾರದ ವಿಚಾರ

ಕಾಶಿಯಲ್ಲಿ ಶಾಕಾಹಾರಕ್ಕೆ ಕೊರತೆಯಿಲ್ಲ. ಬೆಳಗಿನ ಹೊತ್ತು ಬಿಸಿ ಕಚೌಡಿ, ಆಲೂಗಡ್ಡೆಯ ಪಲ್ಯ ಮತ್ತು ಜಿಲೇಬಿ ಅಲ್ಲಿಯವರ ನಿತ್ಯದ ಉಪಾಹಾರ. ಮಣ್ಣಿನ ಕುಡಿಕೆಯಲ್ಲಿ ಕೊಡುವ ಗಟ್ಟಿ ಲಸ್ಸಿಯನ್ನು ಮಧ್ಯಾಹ್ನ ಒಮ್ಮೆ ಸವಿಯಬೇಕು. ಚಳಿಗಾಲದ ಬೆಳಗಿನಲ್ಲಿ ಮಾತ್ರ ದೊರೆಯುವ ‘ಮಲೈಯೋ’ ಎಂಬ ಕೇಸರಿ ಬೆರೆತ ಹಾಲಿನ ನೊರೆ ಬಾಯಿಗಿಟ್ಟೊಡನೆ ಕರಗುತ್ತದೆ. ಹಲ್ಲಿಲ್ಲದ ಅಜ್ಜಿಯರಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರಿಗೂ ಅದು ಒಗ್ಗುತ್ತದೆ.

ಆದರೂ ಕೆಲವು ಎಚ್ಚರಿಕೆಗಳು ಅವಶ್ಯ. ಅಲ್ಲಿಯ ಅಡುಗೆಯಲ್ಲಿ ಸಾಸಿವೆ ಎಣ್ಣೆಯ ಬಳಕೆ ಹೆಚ್ಚು. ರೂಢಿಯಿಲ್ಲದ ಹಿರಿಯರಿಗೆ ಅದು ಹೊಟ್ಟೆಗೆ ಭಾರವಾಗಬಹುದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದವರು ಮೊದಲೇ ಕೇಳಿಕೊಳ್ಳಬೇಕು. ‘ಠಂಡಾಯಿ’ ಕುಡಿಯುವವರು ಭಂಗಿ ಬೆರೆಸದ್ದನ್ನೇ ಕೇಳಿ ಪಡೆಯಬೇಕು. ಈ ವಿಷಯದಲ್ಲಿ ಸಂಕೋಚ ಸಲ್ಲದು. ಇಡ್ಲಿ, ದೋಸೆ, ಅನ್ನ ಸಾರು ಬೇಕೆನ್ನುವವರಿಗೆ ಹನುಮಾನ್ ಘಾಟು, ಗೊದೌಲಿಯಾಗಳ ಸುತ್ತಮುತ್ತ ದಕ್ಷಿಣದ ಊಟ ಸಿಗುತ್ತದೆ. ವಿಶ್ವನಾಥನ ಸಮೀಪದಲ್ಲಿಯೇ ಇರುವ ಅನ್ನಪೂರ್ಣೆಯ ಅನ್ನಕ್ಷೇತ್ರದಲ್ಲಿ ಯಾತ್ರಿಕರಿಗೆ ಉಚಿತವಾಗಿ ಅನ್ನಪ್ರಸಾದ ದೊರೆಯುತ್ತದೆ.

ಸೀರೆ ಕೊಳ್ಳುವವರು ಅದಕ್ಕೆ ಒಂದು ಗಂಟೆಯನ್ನು ಗೊತ್ತುಪಡಿಸಿಕೊಳ್ಳಿರಿ. ಬನಾರಸಿ ಸೀರೆಗೆ ೨೦೦೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ರೇಷ್ಮೆಯ ಶುದ್ಧತೆಯನ್ನು ಸೂಚಿಸುವ ಸಿಲ್ಕ್ ಮಾರ್ಕ್ ಚೀಟಿಯನ್ನು ನೋಡಿ ಕೊಳ್ಳುವುದು ಕ್ಷೇಮ. ಎಲ್ಲಕ್ಕೂ ಮಿಗಿಲಾಗಿ, ಸೀರೆಯ ಅಂಗಡಿ ಕೊನೆಗಿರಲಿ.

ಜಂಗಮವಾಡಿಯಲ್ಲಿ

ದರ್ಶನ ಮುಗಿಸಿ ನಾವು ಹತ್ತೂವರೆಗೆ ಜಂಗಮವಾಡಿ ಮಠವನ್ನು ತಲುಪಿದೆವು. ಪಂಚಪೀಠಗಳಲ್ಲಿ ಒಂದಾದ ಕಾಶಿ ಜ್ಞಾನಪೀಠದ ಈ ಮಠದಿಂದಲೇ ಆ ಬಡಾವಣೆಗೆ ಜಂಗಮವಾಡಿಯೆಂಬ ಹೆಸರು ಬಂದಿದೆ. ಮೊಗಲ ಬಾದಶಹರ ಕಾಲದ ದಾನಪತ್ರಗಳು ಇಲ್ಲಿವೆ. ಮಠದ ವಿಶ್ವಾರಾಧ್ಯ ಗುರುಕುಲದ ಶತಮಾನೋತ್ಸವದ ಸಮಾರೋಪದಲ್ಲಿ, ೨೦೨೦ರ ಫೆಬ್ರವರಿ ೧೬ರಂದು, ‘ಸಿದ್ಧಾಂತ ಶಿಖಾಮಣಿ’ಯ ೧೯ ಭಾಷೆಗಳ ಅನುವಾದವನ್ನು ಪ್ರಧಾನಮಂತ್ರಿಗಳು ಇಲ್ಲಿಯೇ ಲೋಕಾರ್ಪಣೆ ಮಾಡಿದರು. ಹೊರಗಿನ ರಸ್ತೆಯ ಗದ್ದಲವನ್ನು ದಾಟಿ ಒಳಗೆ ಕಾಲಿಟ್ಟೊಡನೆ ಕನ್ನಡದ ಮಾತು ಕಿವಿಗೆ ಬಿದ್ದಿತು. ಹತ್ತು ದಿನಗಳಿಂದ ಹಿಂದಿಯಲ್ಲಿ ಸನ್ನೆ ಮಾಡಿಯೇ ಬೇಸತ್ತಿದ್ದ ತಾಯಿಯವರ ಮುಖ ಅರಳಿತು.

ಅಗಲಿದ ಹಿರಿಯರ ಹೆಸರಿನಲ್ಲಿ ಇಲ್ಲಿ ಲಿಂಗವನ್ನು ಸ್ಥಾಪಿಸುವ ಸಂಪ್ರದಾಯ ಬಹುಕಾಲದಿಂದ ನಡೆದುಬಂದಿದೆ. ಗೋಡೆಯಿಂದ ಗೋಡೆಗೆ ಸಾಲುಸಾಲಾಗಿ ನಿಂತ ಆ ಲಿಂಗಗಳನ್ನು ಎಣಿಸಲಾಗದು. ಪ್ರತಿಯೊಂದರ ಹಿಂದೆ ಯಾವುದೋ ಊರಿನ ಯಾವುದೋ ಮನೆಯ ನೆನಪಿದೆ. ತಾಯಿಯವರು ತಂದೆಯವರ ಹೆಸರನ್ನು ಬರೆಸಿದರು. ಬಳಿಕ ಅಲ್ಲಿಯೇ ಒಂದು ಕಂಬಕ್ಕೊರಗಿ ಕುಳಿತರು. ಹೊರಡೋಣವೆಂದು ನಾವು ಯಾರೂ ಅವಸರಿಸಲಿಲ್ಲ. ಅಂದು ನಮ್ಮ ಹತ್ತಿರ ಹೊತ್ತಿತ್ತು. ಸುಮಾರು ಅರ್ಧ ಗಂಟೆಯ ನಂತರ ತಾವಾಗಿಯೇ ಎದ್ದು, “ನಿಮ್ಮ ಅಪ್ಪ ಹೇಳಿದ್ದ ಮುಂದಿನ ಸಲ ಇದ ನೋಡು” ಎಂದರು. ಮಠದಲ್ಲಿಯೇ ಪ್ರಸಾದ ಸ್ವೀಕರಿಸಿ ಮೂರು ಗಂಟೆಗೆ ವಸತಿಗೃಹವನ್ನು ಸೇರಿದೆವು.

ಆ ಯಾತ್ರೆಯಲ್ಲಿ ರಾಮನಗರದ ಕೋಟೆಯನ್ನು ನಾವು ನೋಡಲಿಲ್ಲ, ವಿಶ್ವವಿದ್ಯಾಲಯದ ನೂತನ ವಿಶ್ವನಾಥ ಮಂದಿರವನ್ನೂ ನೋಡಲಿಲ್ಲ. ಅದಕ್ಕಾಗಿ ಮನೆಯಲ್ಲಿ ಯಾರೂ ಕೊರಗಿದ್ದಿಲ್ಲ. ಉತ್ತರದ ಯಾತ್ರೆಗೆ ಹೊರಡುವ ವಾಚಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಪೆಟ್ಟಿಗೆ ಕಟ್ಟುವ ಮೊದಲು ಮನೆಯ ಹಿರಿಯರನ್ನು ಕೂಡಿಸಿಕೊಂಡು, ಆ ಊರಿನಲ್ಲಿ ತಮಗೆ ನೋಡಲೇಬೇಕೆನಿಸುವ ಒಂದು ಸ್ಥಳ ಯಾವುದೆಂದು ಕೇಳಿರಿ. ಅದನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿರಿ. ಅವರ ಪೂಜೆ ಪ್ರಸಾದಗಳ ವೇಳೆಯನ್ನು ಅದರ ಕೆಳಗೆ ಬರೆಯಿರಿ. ಉಳಿದ ಸ್ಥಳಗಳನ್ನು ಅದಾದ ನಂತರ, ಹೊತ್ತು ಸಿಕ್ಕಷ್ಟು ನೋಡಿದರಾಯಿತು.