ಬೇರು ಸಮೇತ ಬಂದ ಗೌರಿ

ಮಲಾಡ್ ಪೂರ್ವದಲ್ಲಿ ಕುರಾರ್, ದಿಂಡೋಶಿಯ ಕಟ್ಟಡಗಳು ಮುಗಿಯುವಲ್ಲಿಂದಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ ಶುರು. ಮಳೆಗಾಲದಲ್ಲಿ ಅಲ್ಲಿ ಅರಳುವ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲಕ್ಕೆ ಮರಾಠಿಯಲ್ಲಿ ತೇರಡಾ ಅನ್ನುತ್ತಾರೆ. ನಮ್ಮ ಗೌರಿ ಗಣಪನಿಗಿಂತ ಒಂದು ದಿನ ಮೊದಲು ಬರುತ್ತಾಳೆ. ಇಲ್ಲಿಯವಳು ಗಣಪ ಕೂತ ಮೇಲೆ ಬರುತ್ತಾಳೆ. ಕೊಂಕಣದ ಅನೇಕ ಮನೆಗಳಲ್ಲಿ ಗೌರಿ ಅಂದರೆ ಬೇರು ಸಮೇತ ತಂದ ತೇರಡಾದ ಕಂತೆಯೇ.

ಉದ್ಯಾನದೊಳಗೆ ಗಿಡ ಕೀಳುವುದು ಅಪರಾಧ, ಇರಬೇಕಾದದ್ದೇ. ನರ್ಸರಿಯಲ್ಲಿ ಸಿಗುವುದು ಎಸಳಿನ ಮೇಲೆ ಎಸಳು ತುಂಬಿದ ತಳಿ. ನೋಡಲು ಚೆಂದ, ದುಂಬಿಗೆ ಒಳಹೋಗಲು ಕಷ್ಟ. ಹಾಗಾಗಿ ನನ್ನ ಬೀಜದ ಮೂಲ ಹಬ್ಬದ ಪೇಟೆ. ಸ್ಟೇಷನ್ ಬಳಿ ಆದಿವಾಸಿ ಹೆಂಗಸರು ಕಂತೆ ಮಾರಲು ಕೂರುತ್ತಾರೆ. ಮಾವಶಿ, ಬೇರು ಮುರಿಯದ್ದು ಕೊಡಿ ಅಂತ ಕೇಳಿ ತಂದು, ಅದೇ ಸಂಜೆ ಸೊಸೈಟಿಯ ಕಾಂಪೌಂಡ್ ಗೋಡೆಯ ಬುಡದಲ್ಲಿ ಊರುತ್ತೇನೆ. ನೀರು ತುಂಬಿದ ದಂಟು ಎರಡು ದಿನ ಜೋತುಬಿದ್ದು ಮತ್ತೆ ಏಳುತ್ತದೆ, ಎಲ್ಲವೂ ಅಲ್ಲ. ಉಳಿದವುಗಳಲ್ಲಿ ಕಾಯಿ ಬಲಿಯುತ್ತದೆ. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ (ಈ ಕುಲದ ಲ್ಯಾಟಿನ್ ಹೆಸರಿನ ಅರ್ಥವೇ ತಾಳ್ಮೆಯಿಲ್ಲದ್ದು ಎಂದು), ಆದ್ದರಿಂದ ಹಳೇ ಪಂಚೆಯ ತುಂಡನ್ನು ಸಡಿಲವಾಗಿ ಕಟ್ಟಿರಬೇಕು.

ಅಮೆರಿಕದ ಪ್ರೇರಿ ಹುಲ್ಲುಗಾವಲಿನ ಎಷ್ಟೋ ಹೂಗಳ ಬೀಜಕ್ಕೆ ಮೊಳೆಯುವ ಮುಂಚೆ ಚಳಿಗಾಲದ ಶೀತ ತಗಲಬೇಕು. ನಮ್ಮದು ಎಂಟು ತಿಂಗಳ ಒಣ ಹವೆ ಕಳೆದು ಮೊದಲ ಮಳೆಗೆ ಏಳುವಂಥದ್ದು. ಮೇ ಕೊನೆಯಲ್ಲಿ ಎರಚಿ ಸುಮ್ಮನಿರಬೇಕು. ಗೊಬ್ಬರ ಹಾಕಿದರೆ ಮೊದಲು ಕೊಬ್ಬುವುದು ಹುಲ್ಲು. ನಾಲ್ಕೆಲೆ ಬಂದಾಗ, ಮಳೆ ಹಿಡಿದ ದಿನವೇ, ಮಣ್ಣಿನ ಹೆಂಟೆಯೊಂದಿಗೆ ಎತ್ತಿ ಅಂತರ ಕೊಟ್ಟು ನೆಡಬಹುದು.

ಕಷ್ಟ ಇರುವುದು ಮಾಳಿಯದ್ದು. ಜುಲೈನಲ್ಲಿ ತೇರಡಾ ಕಳೆಯಂತೆಯೇ ಕಾಣುತ್ತದೆ, ಗಣಪತಿಗೆ ಮುಂಚೆ ಅಂಗಳ ಸ್ವಚ್ಛವಾಗಲೇಬೇಕು. ಹೋದ ವರ್ಷ ಮೂರನೇ ಮಹಡಿಯ ವಹಿನಿ ಕೆಳಗಿಳಿದು ಬಂದು "ಅರೇ, ಹೀ ಗೌರಿ ಆಹೇ!" ಅಂದದ್ದಕ್ಕೆ ಒಂದು ಸಾಲು ಉಳಿಯಿತು. ಜೀವವೈವಿಧ್ಯ ಅಂತ ನಾನು ಕಮಿಟಿಯಲ್ಲಿ ಮಾತಾಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

ಈಗ ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಆ ಗೋಡೆಯ ಬುಡ ಪಾರ್ಕಿಂಗ್ ಆಗಲಿದೆ. ಗುಡ್ಡದ ಕಾರ್ವಿ ಎಂಟು ವರ್ಷಕ್ಕೊಮ್ಮೆ ಅರಳುವುದು, 2016ರಲ್ಲಿ, ಮತ್ತೆ 2024ರಲ್ಲಿ. ಅಂಥದ್ದನ್ನು ಮುಂಬಯಿಯ ಸೊಸೈಟಿಯಲ್ಲಿ ಬೆಳೆಸುವ ಮಾತೇ ಬೇಡ. ತೇರಡಾ ಒಂದೇ ಮಳೆಗಾಲದ ಗಿಡ, ಬೀಜವನ್ನು ಜೇಬಿನಲ್ಲಿ ಒಯ್ಯಬಹುದು. ವಹಿನಿ ವಿರಾರ್‌ನ ಬಾಡಿಗೆ ಮನೆಗೆ ಹೊರಟಾಗ ಅರ್ಧ ಬೀಜ ಕಾಗದದಲ್ಲಿ ಕಟ್ಟಿಕೊಟ್ಟೆ. ಅಲ್ಲಿಯ ಮಾಳಿ ಎಂಥವನೋ ಮೊದಲು ನೋಡುತ್ತೇನೆ ಅಂದರು.