ಗಾಡಿ ಹೊಡೆಯುವವರ ಹೆಸರು

ಬಸವನ ಬಾಗೇವಾಡಿ,
ಕಾರ ಹುಣ್ಣಿಮೆಯ ಮರುದಿನ

ಪ್ರೀತಿಯ ಮಾವನಿಗೆ,

ಇಂಡಿ, ಸಿಂದಗಿ, ಮುದ್ದೇಬಿಹಾಳ ನೋಡಿಕೊಂಡು ನಿನ್ನೆ ರಾತ್ರಿ ಇಲ್ಲಿಗೆ ಬಂದು ಇಳಿದೆ. ಆರೋಗ್ಯವಾಗಿದ್ದೇನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಊರೂರಲ್ಲೂ ಸಿಗುತ್ತಿವೆ, ಊಟದ ಚಿಂತೆಯಿಲ್ಲವೆಂದು ಅತ್ತೆಗೆ ಹೇಳಿ. ಮೈಸೂರಿನ ರೇಸ್‌ಕೋರ್ಸ್ ಲಾಯದಲ್ಲಿ ಕುದುರೆಗಳ ಜೊತೆ ಆಯಸ್ಸು ಸವೆಸಿದವರು ನೀವು. ಈ ಕಡೆ ಎತ್ತು ಓಡಿಸುವವರು ಹೇಗಿರುತ್ತಾರೆ ನೋಡಿ ಬರೆ ಅಂದಿದ್ದಿರಿ. ಅದನ್ನೇ ಬರೆಯುತ್ತೇನೆ.

ಇಂಡಿ ತಾಲ್ಲೂಕಿನಲ್ಲಿ ನಿಂಬೆ ತೋಟಗಳ ನಡುವೆ ಹಾದು ಒಂದು ಊರಿಗೆ ಹೋಗಿದ್ದೆ. ಊರಾಚೆಯ ಬಯಲಿನಲ್ಲಿ ಗಾಡಿ ಶರ್ಯತ್ತು. ಹೊಲಕ್ಕೆ ಹೋಗುವ ಚಕ್ಕಡಿ ಅಲ್ಲ ಅದು, ಮೈಯಲ್ಲಿ ಬೇಡದ ಒಂದು ಹಲಗೆಯೂ ಇಲ್ಲದ ಹಗುರ ಗಾಡಿ. ನೊಗಕ್ಕೆ ಖಿಲಾರಿ ಜೋಡಿ: ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬು, ಬಿಗಿದ ತೊಡೆ. ಗಾಡಿ ಹೊಡೆಯುವವನಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಹೊರಡುವ ಮೊದಲು ಎರಡೂ ಎತ್ತುಗಳ ಗಂಗೆದೊಗಲು ಸವರಿದ, ಜತ್ತಿಗೆ ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದ, ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳದೆ ಬೆರಳುಗಳ ನಡುವೆ ಹಿಡಿದ. ಯಾಕೆಂದು ಆಮೇಲೆ ಕೇಳಿದೆ. "ಗಾಡಿ ಪಲ್ಟಿ ಆದ್ರ ಕೈ ಬಿಡಬೇಕ್ರಿ. ಸುತ್ತಿದ್ರ ಎಳಕೊಂಡ ಹೋಗ್ತಾವ" ಅಂದ. ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಳೆಯ ಗಾಯದ ಗೆರೆಯೊಂದು ಇತ್ತು.

"ಎತ್ತು ಓಡೇ ಓಡ್ತಾವ. ಎರಡೂ ಒಂದ ಹೆಜ್ಜಿಗೆ ಬರಬೇಕಲ್ರಿ, ಅದ ಕೆಲಸ" ಎಂದೂ ಹೇಳಿದ. ಒಂದು ಮುಂದಕ್ಕೆ ಜಗ್ಗಿ ಇನ್ನೊಂದು ಹಿಂದೆ ಉಳಿದರೆ ಗಾಡಿ ಓರೆಯಾಗುತ್ತದೆ. ಓರೆಯಾದ ಗಾಡಿ ಮೊದಲು ಕೆಡವುವುದು ಹೊಡೆಯುವವನನ್ನೇ.

ನೀವು ಹೇಳುತ್ತಿದ್ದ ಐರ್ಲೆಂಡಿನ ಜಾಕಿ ಟಾಮಿ ಕಲಿನನ್ ಆಗ ನೆನಪಾದ. ಎರಡು ಮಹಾಯುದ್ಧಗಳ ನಡುವಿನ ಕಾಲ. ಬೇಲಿ, ಹಳ್ಳ ಹಾರಿಸಿ ಓಡಿಸುವ ಕುದುರೆ ಪಂದ್ಯ ಅವನದು. 1928ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 42 ಕುದುರೆಗಳು ಹೊರಟು, ಕಟ್ಟಕಡೆಯ ಬೇಲಿಗೆ ಬರುವಾಗ ಗೆಲ್ಲುವ ಕಣದಲ್ಲಿ ಉಳಿದದ್ದು ಎರಡೇ. ಕಲಿನನ್ ಕೂತಿದ್ದ ಬಿಲ್ಲಿ ಬಾರ್ಟನ್ ಅಲ್ಲಿ ಮುಗ್ಗರಿಸಿ ಬಿತ್ತು. ಅವನು ಎದ್ದು ಮತ್ತೆ ಏರಿ ಎರಡನೆಯವನಾಗಿ ಮುಟ್ಟಿದ. ಎರಡು ವರ್ಷ ಕಳೆದು, 1930ರಲ್ಲಿ, ಚೆಲ್ಟನ್‌ಹ್ಯಾಮ್‌ನ ಚಾಂಪಿಯನ್ ಹರ್ಡಲ್, ಗೋಲ್ಡ್ ಕಪ್ ಎರಡನ್ನೂ ಗೆದ್ದು, ಶಾನ್ ಗೋಯ್ಲಿನ್ ಎಂಬ ಕುದುರೆಯ ಮೇಲೆ ಅದೇ ಗ್ರ್ಯಾಂಡ್ ನ್ಯಾಷನಲ್ ಅನ್ನೂ ಗೆದ್ದ. ಬಿದ್ದದ್ದು, ಎದ್ದದ್ದು, ಗೆದ್ದದ್ದು ಎಲ್ಲ ಕುದುರೆಯ ಹೆಸರು, ಸವಾರನ ಹೆಸರಿನ ಸಮೇತ ದಾಖಲಾಗಿರುವುದರಿಂದಲೇ ಮೈಸೂರಿನ ನಿಮ್ಮ ಪಡಸಾಲೆಯಲ್ಲಿ ಕೂತು ನಾನದನ್ನು ಕೇಳಿದ್ದು.

ಸಿಂದಗಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ತಾಳಿಕೋಟೆಯ ಹತ್ತಿರ ಡೋಣಿ ನದಿ ದಾಟಿ ಮುದ್ದೇಬಿಹಾಳದ ಕಡೆಗೆ ಬಂದರೆ ಕಣ್ಣು ಹೋದಷ್ಟೂ ಎರೆಭೂಮಿ. ನಿನ್ನೆ ಅಲ್ಲೊಂದು ಊರಿನಲ್ಲಿ ಕರಿ ಹರಿಯುವುದನ್ನು ನೋಡಿದೆ. ಮುಂಜಾನೆಯೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆನ್ನಿಗೆ ಝೂಲ ಹೊದಿಸಿದ್ದರು. ಸಂಜೆ ಅಗಸಿಗೆ, ಅಂದರೆ ಊರಬಾಗಿಲಿಗೆ, ಅಡ್ಡಲಾಗಿ ಕರಿ ಎಂಬ ತೋರಣ ಕಟ್ಟಿದರು. ಎತ್ತುಗಳನ್ನು ದೂರದಿಂದ ಬಿಟ್ಟು, ಹಗ್ಗ ಹಿಡಿದ ಹುಡುಗರು ಅವುಗಳ ಸಮಕ್ಕೆ ಬರಿಗಾಲಲ್ಲಿ ಓಡಿದರು. ಮುಂದೆ ಬಂದು ಕರಿ ಹರಿದದ್ದು ಬಿಳಿ ಎತ್ತು. ಈ ಸಲ ಬಿಳಿಜೋಳ ಚಲೋ ಬರುತ್ತದೆ ಎಂದು ಹಿರಿಯರು ಹಿಗ್ಗಿದರು. ಕೆಂದೆತ್ತು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಊರಿನ ವರ್ಷದ ನಂಬಿಕೆಯನ್ನೆಲ್ಲ ಹೊತ್ತು ಆ ಎತ್ತಿನ ಪಕ್ಕ ಓಡಿಬಂದ ಹುಡುಗ ಯಾರು? ಮೈಕಿನಲ್ಲಿ ಎತ್ತಿನ ಮಾಲೀಕರ ಹೆಸರು ಮೂರು ಸಲ ಕೂಗಿದರು, ಹುಡುಗನ ಹೆಸರು ಬರಲಿಲ್ಲ. ಇಂಡಿಯ ಶರ್ಯತ್ತಿನಲ್ಲೂ ಹಾಗೇ ಆಗಿತ್ತು. ಫ್ಲೆಕ್ಸ್ ಮೇಲೆ ಬಹುಮಾನ ಕೊಟ್ಟವರ ಫೋಟೊ ಇತ್ತು, ಗೆದ್ದ ಜೋಡಿಯ ಊರು ಕೂಗಿದರು, ಹೊಡೆದವನ ಹೆಸರು ಎಲ್ಲೂ ಇಲ್ಲ.

ಇಲ್ಲಿ ಬಾಗೇವಾಡಿಯಲ್ಲಿ ಬೆಳಿಗ್ಗೆ ಮೂಲ ನಂದೀಶ್ವರನ ಗುಡಿಗೆ ಹೋಗಿ ಬಂದೆ. ಬಸವಣ್ಣನವರು ಹುಟ್ಟಿದ ಊರು, ಎತ್ತೇ ದೇವರಾಗಿ ಕೂತ ಊರು. ಕಾಯಿ, ಹೂವು ತಂದ ರೈತರು ದೇವರಿಗೆ ಕೈಮುಗಿದು, ಹೊರಗೆ ಬಂದು ತಮ್ಮ ಎತ್ತಿನ ಹಣೆಗೂ ಅದೇ ಭಂಡಾರ ಹಚ್ಚುತ್ತಾರೆ. ಇಷ್ಟು ಮುದ್ದು ಮಾಡುವ ಜನರ ಕೈಯಲ್ಲೂ ಪೈಪೋಟಿಯ ಹುರುಪಿನಲ್ಲಿ ಎತ್ತಿಗೆ ನೋವಾಗುತ್ತದೆ ಎಂಬುದು ಸುಳ್ಳಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿದ್ದು ಅದಕ್ಕೇ. ಆಮೇಲೆ ಓಟಕ್ಕೆ ಅವಕಾಶ ಕೊಡಲು ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ನಮ್ಮದನ್ನೂ ಎತ್ತಿಹಿಡಿಯಿತು. ನೋವು ಕೊಡಬಾರದೆಂಬ ಷರತ್ತು ಕಾಗದದಲ್ಲಿದೆ. ಬಯಲಿನಲ್ಲಿ ಅದನ್ನು ಉಳಿಸುವುದೂ ಕೆಡಿಸುವುದೂ ಬಾರಕೋಲು ಹಿಡಿದ ಆ ಒಂದು ಕೈ. ಇಂಡಿಯ ಹುಡುಗ ಬಾರಕೋಲನ್ನು ಗಾಳಿಯಲ್ಲೇ ಬೀಸಿದ, ಎತ್ತಿನ ಮೈಗೆ ತಾಗಿಸಲಿಲ್ಲ. ಅಂಥವನ ಹೆಸರು ಗೊತ್ತಿದ್ದರೆ ತಾನೇ ಮುಂದಿನವನು ಅವನನ್ನು ನೋಡಿ ಕಲಿಯುವುದು? ಮೈಗೆ ಹೊಡೆದವನ ಹೆಸರು ಗೊತ್ತಿದ್ದರೆ ತಾನೇ ಅವನನ್ನು ಮುಂದಿನ ಸಲ ಹೊರಗಿಡುವುದು? ಬಿದ್ದು ಕೈ ಮುರಿದುಕೊಂಡವನ ಮನೆಗೆ ನೆರವು ಹೋಗಬೇಕಾದರೂ ಮೊದಲು ಹೆಸರು ಬೇಕು.

ಇಂಡಿಯ ಶರ್ಯತ್ತು ನಡೆಸಿದ ಹಿರಿಯರಿಗೆ ಇದನ್ನೇ ಹೇಳಿದೆ. ಜೋಡಿಯ ಹೆಸರಿನ ಪಕ್ಕ ಹೊಡೆಯುವವನ ಹೆಸರು, ವಯಸ್ಸು, ಊರು ಬರೆಯಲು ಒಂದು ದಪ್ಪ ಪುಸ್ತಕ ಇಡಿ ಅಂದೆ. "ಇಡೋಣಂತ್ರಿ, ನೀವ ಮೊದಲನೇ ಹಾಳಿ ಗೆರಿ ಹೊಡದ ಕೊಡ್ರಿ" ಅಂದರು. ನಿಮ್ಮ ಲಾಯದಲ್ಲಿ ಸವಾರರ ಲೆಕ್ಕ ಇಡುತ್ತಿದ್ದ ಪುಸ್ತಕದಲ್ಲಿ ಯಾವ ಯಾವ ಕಲಮು ಇರುತ್ತಿದ್ದವು, ಗಾಯವಾದರೆ ಎಲ್ಲಿ ಬರೆಯುತ್ತಿದ್ದರು, ದಯವಿಟ್ಟು ಬರೆದು ಕಳಿಸಿ. ಹಾಳೆಗೆ ಗೆರೆ ಎಳೆದುಕೊಂಡು ವಾಪಸ್ ಇಂಡಿಗೆ ಹೋಗಿ ಕೊಟ್ಟೇ ಊರಿಗೆ ಬರುತ್ತೇನೆ.

ನಿಮ್ಮ ಪ್ರೀತಿಯ ಅಳಿಯ