ಕೊಲ್ಲಂ ಪೀಠವೂ ನಮ್ಮ ಒಂದು ಋಣವೂ

ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾದ ನಮಗೆ, ಸರಿಯಾಗಿ ಕಲಿಸಿದ ಪಾಠಗಳಿಗಿಂತ ತಪ್ಪಾಗಿ ಕಲಿಸಿದವುಗಳೇ ಈಚೆಗೆ ಹೆಚ್ಚಾಗಿ ನೆನಪಿಗೆ ಬರುತ್ತವೆ. ಅಂಥದೊಂದನ್ನು ವಾಚಕ ಮಹಾಶಯರ ಮುಂದೆ ಒಪ್ಪಿಸಿ ಋಣಮುಕ್ತರಾಗಬೇಕೆಂಬ ಅಪೇಕ್ಷೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುವುದು ನಮ್ಮ ವೃತ್ತಿಯಾಗಿದ್ದಿತು. ಸುಮಾರು ಮೂವತ್ತು ವರ್ಷಗಳ ಹಿಂದೆ, ಉಡುಪಿಯ ಸಮೀಪದ ಶಾಲೆಯೊಂದರಲ್ಲಿ, ಚರಿತ್ರೆಯ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ ಅವರ ತರಗತಿಯು ಒಂದು ದಿನ ನಮ್ಮ ಪಾಲಿಗೆ ಬಂದಿತು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಪಾಠವದು. ಮಾತಿನ ಭರದಲ್ಲಿ, "ಕ್ರೈಸ್ತಮತವು ನಮ್ಮ ದೇಶಕ್ಕೆ ಬಂದುದೂ ಈ ಹಡಗುಗಳಲ್ಲಿಯೇ" ಎಂದುಬಿಟ್ಟೆವು. ಆಗ ಕಲ್ಯಾಣಪುರದ ಕ್ರೈಸ್ತ ಬಾಲಕನೊಬ್ಬನು ಎದ್ದು ನಿಂತು, "ಪರಂಗಿಯವರು ಬರುವುದಕ್ಕೆ ಸಾವಿರ ವರ್ಷ ಮೊದಲೇ ನಮ್ಮೂರಿನಲ್ಲಿ ಒಬ್ಬ ಬಿಷಪರಿದ್ದರೆಂದು ಇಗರ್ಜಿಯ ಪಾದ್ರಿಯವರು ಹೇಳುತ್ತಾರೆ. ಅದು ನಿಜವೇ ಮಾಸ್ಟ್ರೇ?" ಎಂದು ಕೇಳಿದನು. "ಪುಸ್ತಕದಲ್ಲಿಲ್ಲದ್ದನ್ನು ಕೇಳಬೇಡ, ಕುಳಿತುಕೋ" ಎಂದೆವು. ತರಗತಿಯೆಲ್ಲ ನಕ್ಕಿತು. ಬಾಲಕನಾಡಿದರೂ ಯುಕ್ತವಾದ ಮಾತನ್ನು ಗ್ರಹಿಸಬೇಕೆಂಬ ಅರ್ಥದ ಶ್ಲೋಕವನ್ನು ಅದೇ ಮಕ್ಕಳಿಗೆ ಅದೇ ವಾರ ಬಾಯಿಪಾಠ ಮಾಡಿಸಿದ್ದವರು ನಾವೇ! ಆ ಹುಡುಗನು ವರ್ಷದ ಕೊನೆಯವರೆಗೂ ನಮ್ಮನ್ನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಕಳೆದ ವರ್ಷ ನಾವೂ ನಮ್ಮ ಮನೆಯವರೂ ಕೇರಳದ ಕೊಲ್ಲಂ ಪಟ್ಟಣಕ್ಕೆ ಹೋಗಿದ್ದೆವು. ನಮ್ಮ ಅಳಿಯಂದಿರಿಗೆ ಅಲ್ಲಿಯ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಉದ್ಯೋಗ. ಸಾಯಂಕಾಲ ಗಾಳಿಸವಾರಿಗೆಂದು ತಂಗಶೇರಿಯ ಕಡಲ ದಂಡೆಗೆ ಹೋದಾಗ, 1902ರ ದೀಪಸ್ತಂಭದ ನೆರಳಿನಲ್ಲಿ ಪರಂಗಿಯವರ ಕೋಟೆಯ ಮುರುಕು ಗೋಡೆಯನ್ನು ಕಂಡೆವು. ಅಲ್ಲಿಂದ ಅನತಿದೂರದಲ್ಲಿ ಕೊಲ್ಲಂ ಧರ್ಮಪ್ರಾಂತದ ಪ್ರಧಾನ ದೇವಾಲಯ. ಈ ಧರ್ಮಪ್ರಾಂತವು ಸ್ಥಾಪಿತವಾದುದು 1329ರಲ್ಲಿ ಎಂದು ಅಳಿಯಂದಿರು ಹೇಳಿದಾಗ ನಾವು ಲೆಕ್ಕ ಹಾಕಿದೆವು. ಗಾಮನ ಹಡಗಿಗೆ 169 ವರ್ಷ ಮೊದಲು! ಮೂವತ್ತು ವರ್ಷದ ಹಿಂದಿನ ಆ ಬಾಲಕನ ಮುಖವು ಕೂಡಲೇ ಕಣ್ಣಿಗೆ ಕಟ್ಟಿತು. ಊರಿಗೆ ಮರಳಿದ ಮೇಲೆ, ಅಂದು ಓದಬೇಕಾಗಿದ್ದುದನ್ನು ಓದತೊಡಗಿದೆವು.

ತಾಮ್ರಶಾಸನಗಳಲ್ಲಿ ನಮಗೆ ಮೊದಲಿನಿಂದಲೂ ಪ್ರೀತಿ. ಕೊಲ್ಲಂ ಚರಿತ್ರೆಯ ಮೊದಲಿಗೇ ಅಂಥದೊಂದು ದೊರೆಯಿತು. ಚೇರ ದೊರೆ ಸ್ಥಾಣು ರವಿಯ ಐದನೆಯ ಆಳ್ವಿಕೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 849ರಲ್ಲಿ, ವೇಣಾಡಿನ ಅಧಿಪತಿ ಅಯ್ಯನ್ ಅಡಿಗಳು ಕೊಲ್ಲದ 'ತರಿಸಾಪಳ್ಳಿ'ಗೆ ದತ್ತಿ ಬಿಟ್ಟ ಶಾಸನವದು. 'ತರಿಸಾ' ಎಂಬುದು ಪಾರಸಿಕ ಶಬ್ದ. ದೇವರಿಗೆ ಅಂಜುವವನು, ಎಂದರೆ ಕ್ರೈಸ್ತನು, ಎಂದರ್ಥ. ಭೂಮಿಯನ್ನೂ, ಅದರೊಡನೆ ನಾನಾ ಕಸುಬಿನ ಕುಟುಂಬಗಳನ್ನೂ, ಕೆಲವು ತೆರಿಗೆಗಳ ವಿನಾಯಿತಿಯನ್ನೂ ದೊರೆಯು ಕೊಟ್ಟನು. ಪೇಟೆಯ ತೂಕ ಅಳತೆಗಳ ಪಾಲನೆಯೂ ಆ ದೇವಾಲಯಕ್ಕೆ ಸೇರಿತು. ಕಡೆಯಲ್ಲಿರುವ ಸಾಕ್ಷಿಗಳ ರುಜುಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿವೆ. ಹಿಂದೂ ಅಧಿಪತಿಯೊಬ್ಬನು ಕ್ರೈಸ್ತ ದೇವಾಲಯಕ್ಕೆ ಕೊಟ್ಟ ದಾನಕ್ಕೆ ಮುಸಲ್ಮಾನರೂ ಪಾರಸಿಕರೂ ಯಹೂದ್ಯರೂ ಸಾಕ್ಷಿ ಹಾಕಿದ್ದಾರೆ! ಈ ಭಾಗವನ್ನು ನಾವು ಎರಡು ಸಲ ಓದಿದೆವು.

ಕ್ರಿ.ಶ. 52ರಲ್ಲಿ ಸಂತ ತೋಮನೇ ಬಂದು ಸ್ಥಾಪಿಸಿದ ಏಳು ದೇವಾಲಯಗಳಲ್ಲಿ ಕೊಲ್ಲದ್ದೂ ಒಂದೆಂಬುದು ಅಲ್ಲಿಯ ಕ್ರೈಸ್ತರ ಪರಂಪರೆಯ ನಂಬಿಕೆ. ನಂಬಿಕೆಯನ್ನು ನಂಬಿಕೆಯ ಸ್ಥಾನದಲ್ಲಿಯೇ ಗೌರವಿಸೋಣ. ತಾಮ್ರದ ಮೇಲಿನ ಅಕ್ಷರವಂತೂ ಸಂಶಯಕ್ಕೆ ಎಡೆಗೊಡುವುದಿಲ್ಲ.

ಈ ಪ್ರಾಚೀನ ಕ್ರೈಸ್ತರು ಪಾರಸಿಕ ದೇಶದ ಸಭೆಯ ಸಂಬಂಧದವರು. ಅವರ ಪೂಜಾಭಾಷೆ ಸಿರಿಯಾಕ್. ರೋಮನ್ ಸಭೆಯು ಕೊಲ್ಲಕ್ಕೆ ಬಂದುದು ಆ ಮೇಲೆ. ಜೋರ್ಡಾನಸ್ ಕತಲಾನಿ ಎಂಬ ಡೊಮಿನಿಕನ್ ಸಂನ್ಯಾಸಿಯು ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳೊಡನೆ ಮುಂಬಯಿ ಬಳಿಯ ಠಾಣೆಗೆ ಬಂದನು. 1321ರಲ್ಲಿ ಆ ನಾಲ್ವರೂ ಅಲ್ಲಿ ಹತರಾದರು. ಬದುಕಿ ಉಳಿದ ಜೋರ್ಡಾನಸನು ಅವರ ದೇಹಗಳಿಗೆ ಸಂಸ್ಕಾರ ಮಾಡಿ, ಒಬ್ಬಂಟಿಗನಾಗಿ ಸೇವೆಯನ್ನು ಮುಂದುವರಿಸಿದನು. ನಮ್ಮ ದೇಶದ ಹಣ್ಣು, ಮರ, ಜನರ ವಿಷಯವಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನೂ ಬರೆದನು. ಅಂದಿನ ಪೋಪರಾದ 22ನೆಯ ಜಾನ್ ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿದ್ದುಕೊಂಡು, 1329ರ ಆಗಸ್ಟ್ 9ರಂದು ಕೊಲ್ಲಂ ಧರ್ಮಪ್ರಾಂತವನ್ನು ಸ್ಥಾಪಿಸಿ, ಜೋರ್ಡಾನಸನನ್ನು ಅದರ ಬಿಷಪರನ್ನಾಗಿ ನೇಮಿಸಿದರು. ಭಾರತದ ಪ್ರಥಮ ಕ್ಯಾಥೊಲಿಕ್ ಧರ್ಮಪ್ರಾಂತವಿದೇ. ಹೊಸ ಬಿಷಪರನ್ನು ಆದರಿಸಬೇಕೆಂದು ಪೋಪರು ಕೊಲ್ಲದ 'ನಸ್ರಾಣಿ' ಕ್ರೈಸ್ತರ ಮುಖಂಡನಿಗೆ ಪತ್ರವನ್ನೂ ಬರೆದರು. ವಿಳಾಸದಾರರಿಲ್ಲದೆ ಪತ್ರವುಂಟೇ? ಪೋಪರ ಬಿಷಪರಿಗಿಂತ ಮೊದಲೇ ಕ್ರೈಸ್ತರು ಅಲ್ಲಿದ್ದರೆಂಬುದಕ್ಕೆ ಪೋಪರ ಕಾಗದವೇ ಸಾಕ್ಷಿ.

ಜೋರ್ಡಾನಸನು ಮರಳಿ ಬಂದು ಪೀಠವನ್ನೇರಿದನೆಂಬುದಕ್ಕೆ ದೃಢವಾದ ಲೇಖವು ಉಳಿದಿಲ್ಲ. ಆದರೆ 1348ರ ಸುಮಾರಿಗೆ, ಚೀನದಿಂದ ಹಿಂದಿರುಗುತ್ತಿದ್ದ ಪೋಪರ ದೂತ ಮಾರಿಞೋಲ್ಲಿಯು ಕೊಲ್ಲದಲ್ಲಿ ತಂಗಿದ್ದನು. ಅಲ್ಲಿಯ ಸಂತ ಜಾರ್ಜನ ಲ್ಯಾಟಿನ್ ದೇವಾಲಯವನ್ನು ಚಿತ್ರಗಳಿಂದ ಅಲಂಕರಿಸಿದನೆಂದು ಅವನೇ ಬರೆದಿದ್ದಾನೆ. ಕರಿಮೆಣಸಿನ ಒಡೆತನವೂ ತಕ್ಕಡಿಯ ಅಧಿಕಾರವೂ ಸಂತ ತೋಮನ ಕ್ರೈಸ್ತರವೆಂದೂ, ಆ ಆದಾಯದಿಂದ ತನಗೆ ತಿಂಗಳಿಗೆ ನೂರು ಚಿನ್ನದ ಪಣ ಬರುತ್ತಿತ್ತೆಂದೂ ಅವನು ಹೇಳುತ್ತಾನೆ. 849ರಲ್ಲಿ ದೇವಾಲಯದ ಕೈಗೆ ಬಂದ ತೂಕದ ಹಕ್ಕು ಐದು ಶತಮಾನ ಕಳೆದರೂ ಕ್ರೈಸ್ತರ ಕೈಯಲ್ಲಿಯೇ ಇದ್ದಿತು! ಪುಸ್ತಕವನ್ನು ಮುಚ್ಚಿಟ್ಟು ನಾವು ಕೊಂಚ ಹೊತ್ತು ಸುಮ್ಮನೆ ಕುಳಿತೆವು. ತರಗತಿಯಲ್ಲಿ ನಾವು ತೂಗಿದ್ದ ತೂಕ ಎಷ್ಟು ಕಡಿಮೆ!

ಮುಂದಿನದನ್ನು ಸಂಗ್ರಹವಾಗಿ ಹೇಳುವೆವು. ಪೀಠವು ಶತಮಾನಗಳ ಕಾಲ ಬರಿದಾಗಿದ್ದಿತು. 1503ರಲ್ಲಿ ಪೋರ್ಚುಗೀಸರು ಬಂದರು. 1661ರಲ್ಲಿ ಡಚ್ಚರು ಅವರನ್ನು ಹೊರಡಿಸಿದರು. 1886ರ ಸೆಪ್ಟೆಂಬರ್ 1ರಂದು 13ನೆಯ ಲಿಯೋ ಪೋಪರು ಕೊಲ್ಲಂ ಧರ್ಮಪ್ರಾಂತಕ್ಕೆ ಪುನರ್ಜೀವವನ್ನಿತ್ತರು. 1930ರ ಸೆಪ್ಟೆಂಬರ್ 20ರಂದು, ಸ್ವಿಸ್ ದೇಶದವರಾದ ಬಿಷಪ್ ಬೆನ್ಸಿಗರ್ ಅವರ ಸಮ್ಮುಖದಲ್ಲಿ, ಸಿರಿಯಾಕ್ ಪರಂಪರೆಯ ಮಾರ್ ಇವಾನಿಯೋಸ್ ಕ್ಯಾಥೊಲಿಕ್ ಸಭೆಯೊಡನೆ ಐಕ್ಯರಾದುದೂ ಈ ಕೊಲ್ಲದಲ್ಲಿಯೇ. 1937ರಲ್ಲಿ ಸ್ವದೇಶೀಯರಾದ ಜೆರೋಮ್ ಫೆರ್ನಾಂಡಿಸರು ಪೀಠವನ್ನೇರಿ, 1978ರವರೆಗೆ ನಡೆಸಿದರು.

ಇನ್ನು ಬಾಲಕನ ಪ್ರಶ್ನೆ. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಭಾಷೆಯ ಗ್ರಂಥಕಾರನು, ಮೆಣಸು ಬೆಳೆಯುವ 'ಮಲೆ'ಯಲ್ಲಿ ಕ್ರೈಸ್ತರ ಸಭೆಯಿದೆಯೆಂದೂ, 'ಕಲ್ಲಿಯಾನಾ'ದಲ್ಲಿ ಪಾರಸಿಕ ದೇಶದಲ್ಲಿ ನೇಮಿತರಾದ ಬಿಷಪರಿದ್ದಾರೆಂದೂ ಬರೆದಿರುವನು. ಅದು ಮುಂಬಯಿ ಬಳಿಯ ಕಲ್ಯಾಣವೆಂದು ಬಹುಮಂದಿ ವಿದ್ವಾಂಸರು. ಉಡುಪಿಯ ಕಲ್ಯಾಣಪುರವೆಂದು ಕೆಲವರು. ಊರಿನ ವಿಷಯದಲ್ಲಿ ಹುಡುಗನ ಮಾತು ವಿವಾದಾಸ್ಪದವಿರಬಹುದು. ಕಾಲದ ವಿಷಯದಲ್ಲಿ ಅವನದೇ ಸರಿ, ತಪ್ಪು ನಮ್ಮದೇ.

ಮೊನ್ನೆ ಅವನ ಮನೆಯನ್ನು ವಿಚಾರಿಸಿಕೊಂಡು ಹೋದೆವು. ಈಗ ನಲವತ್ತು ದಾಟಿದ ಗೃಹಸ್ಥನು. ಬಂದ ಕಾರಣವನ್ನು ಹೇಳಿದೆವು. ಅವನು ತಲೆ ತಗ್ಗಿಸಿ, "ಕೇಳಿದ್ದೇನೆಂಬುದು ಮರೆತುಹೋಗಿದೆ ಮಾಸ್ಟ್ರೇ, ಎಲ್ಲರೂ ನಕ್ಕದ್ದು ಮಾತ್ರ ನೆನಪಿದೆ" ಎಂದನು. ಬಳಿಕ ತನ್ನ ಮಗಳನ್ನು ಕರೆದು, "ಇವಳಿಗೆ ಹೇಳಿ" ಎಂದು ನಮ್ಮ ಮುಂದೆ ಕುಳ್ಳಿರಿಸಿದನು. ತಾಮ್ರಪಟದಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆವು. ಮಗು ಎದ್ದು ನಿಂತು, "ಹಾಗಾದರೆ ಆ ಕಲ್ಲಿಯಾನಾ ನಮ್ಮ ಊರೇ ಏನು, ಅಜ್ಜ?" ಎಂದು ಕೇಳಿತು.

"ದೊಡ್ಡವರೆಲ್ಲ ಇನ್ನೂ ವಾದಿಸುತ್ತಿದ್ದಾರಮ್ಮ. ಓದಿ ನೋಡು, ತಿಳಿದರೆ ನಮಗೂ ಹೇಳು" ಎಂದೆವು.